ಫೋನು ಸಾಲದು, ದುಬಾರಿ ಯಂತ್ರವೂ ಬೇಡ

ಜನಪದ ಹಾಡು, ಕಥೆ, ಹಿರಿಯರ ಮಾತು ದಾಖಲಿಸಲು ಒಂದು ಸಣ್ಣ ರೆಕಾರ್ಡರ್ ಕೊಳ್ಳಬೇಕು ಅಂತ ಯಾರಾದರೂ ಮಾತೆತ್ತಲಿ, ನಮ್ಮ ಹೊಸಪೇಟೆ ಸೀಮೆಯಲ್ಲಿ ಎರಡು ಸಲಹೆ ಸಿದ್ಧವಾಗಿರುತ್ತವೆ. ‘ಕೈಯಲ್ಲಿ ಒಳ್ಳೆ ಫೋನ್ ಇದೆಯಲ್ಲ, ಅದೇ ಸಾಕು’ ಎಂಬುದು ಒಂದು. ‘ತಗೊಳ್ಳೋದಾದ್ರೆ ದೊಡ್ಡದನ್ನೇ ತಗೊಳ್ಳಿ, ಸಣ್ಣದಕ್ಕೆ ದುಡ್ಡು ಹಾಕಬೇಡಿ’ ಎಂಬುದು ಇನ್ನೊಂದು. ಕಾಲೇಜಿನ ಮೇಷ್ಟ್ರು, ಸಂಶೋಧನಾ ವಿದ್ಯಾರ್ಥಿಗಳು, ಊರಿನ ಹವ್ಯಾಸಿಗಳು ಎಲ್ಲರೂ ಈ ಎರಡರಲ್ಲಿ ಒಂದನ್ನು ನಂಬಿಕೊಂಡಿದ್ದಾರೆ. ಒಂದಕ್ಕೊಂದು ವಿರುದ್ಧ ಎಂಬಂತೆ ಕಾಣುವ ಈ ಸಲಹೆಗಳ ತಪ್ಪು ಮಾತ್ರ ಒಂದೇ. ಎರಡೂ ಯಂತ್ರವನ್ನು ನೋಡುತ್ತವೆ; ಹಾಡುವವರನ್ನು, ಅವರು ಹಾಡುವ ಜಾಗವನ್ನು ನೋಡುವುದಿಲ್ಲ. ದರೋಜಿಯ ಬುರ್ರಕಥೆಗೆ, ಮರಿಯಮ್ಮನಹಳ್ಳಿಯ ಚೌಡಿಕೆ ಪದಕ್ಕೆ, ಸಂಡೂರಿನ ತಾಂಡಾಗಳ ದೀಪಾವಳಿ ಹಾಡಿಗೆ, ಕಂಪ್ಲಿ ಕಡೆಯ ಬಯಲಾಟಕ್ಕೆ ಏನು ಬೇಕು ಎಂದು ಕೇಳಿಕೊಂಡು ಹೊರಟರೆ ಉತ್ತರ ಬೇರೆಯೇ ಬರುತ್ತದೆ. ಫೋನು ಸಾಲದು. ದುಬಾರಿ ಯಂತ್ರ ಬೇಕಿಲ್ಲ. ಪೆನ್ಸಿಲ್ ಸೆಲ್ ಹಾಕಿ ನಡೆಸುವ, ಗಾಳಿಗೆ ತುಪ್ಪಳದ ಟೊಪ್ಪಿಗೆ ತೊಡಿಸಿದ, ಹತ್ತು ಸಾವಿರ ರೂಪಾಯಿ ಆಸುಪಾಸಿನ ಸಣ್ಣ ರೆಕಾರ್ಡರ್ ಸಾಕು.

ಮೊದಲು ಫೋನಿನ ಪರವಾದ ವಾದವನ್ನೇ ನೋಡೋಣ, ಅದರಲ್ಲಿ ಹುರುಳಿದೆ. ಫೋನು ಸದಾ ಜೊತೆಗಿರುತ್ತದೆ. ಅದನ್ನು ಕಂಡು ಯಾವ ಅಜ್ಜಿಯೂ ಬೆದರುವುದಿಲ್ಲ. ಹೆಚ್ಚಿನ ಖರ್ಚಿಲ್ಲ, ಚಿತ್ರವೂ ಬರುತ್ತದೆ. ಜಾತ್ರೆಯಲ್ಲಿ, ಹೊಲದಲ್ಲಿ, ಬಸ್ ನಿಲ್ದಾಣದಲ್ಲಿ ಅನಿರೀಕ್ಷಿತವಾಗಿ ಕಿವಿಗೆ ಬಿದ್ದ ಎಷ್ಟೋ ಹಾಡು ಇವತ್ತು ಉಳಿದಿರುವುದು ಯಾರದೋ ಜೇಬಿನಲ್ಲಿ ಫೋನಿದ್ದ ಕಾರಣಕ್ಕೆ. ಫೋನಿನ ಮೈಕು ಕೆಟ್ಟದು ಎಂಬುದು ನನ್ನ ವಾದವಲ್ಲ. ಈಗಿನ ಫೋನುಗಳ ಮೈಕು ಗಾತ್ರಕ್ಕೆ ಮೀರಿ ಚೆನ್ನಾಗಿರುತ್ತದೆ. ತೊಂದರೆ ಇರುವುದು ಮೈಕು ಕೇಳಿಸಿಕೊಂಡ ಮೇಲೆ ಫೋನು ಮಾಡುವ ಕೆಲಸದಲ್ಲಿ.

ಒಬ್ಬ ಮನುಷ್ಯನ ಮಾತನ್ನು ಸುತ್ತಲಿನ ಗದ್ದಲದಿಂದ ಬಿಡಿಸಿ ಇನ್ನೊಬ್ಬನಿಗೆ ಮುಟ್ಟಿಸುವುದಕ್ಕಾಗಿ ರೂಪುಗೊಂಡ ಸಾಧನ ಫೋನು. ಹಾಗಾಗಿ ಬಹುತೇಕ ಫೋನುಗಳು ಬಂದ ಸದ್ದನ್ನು ಬಂದ ಹಾಗೆ ಬರೆದಿಡುವುದಿಲ್ಲ. ಏರಿಳಿತವಿಲ್ಲದೆ ಒಂದೇ ಸಮನೆ ಕೇಳುವ ಸದ್ದನ್ನು ಫ್ಯಾನಿನ ಸದ್ದೋ ಎಂಜಿನ್ನಿನ ಸದ್ದೋ ಎಂದು ತೀರ್ಮಾನಿಸಿ ಅದುಮುತ್ತವೆ. ದನಿ ಮೆಲ್ಲಗಾದರೆ ತಾವೇ ಏರಿಸುತ್ತವೆ, ಜೋರಾದರೆ ತಾವೇ ಇಳಿಸುತ್ತವೆ. ಕೊನೆಗೆ ಜಾಗ ಉಳಿಸಲು ಕಡತವನ್ನು ಹಿಂಡಿ ಕುಗ್ಗಿಸುತ್ತವೆ. ಇಬ್ಬರು ಮಾತಾಡಿಕೊಳ್ಳಲು ಇದೆಲ್ಲ ಒಳ್ಳೆಯದೇ. ಹಾಡಿಗೆ ಇದರಿಂದ ನಷ್ಟ.

ಆ ನಷ್ಟ ಎಂಥದೆಂದು ತಿಳಿಯಲು ಬುರ್ರಕಥೆಯನ್ನೇ ಹತ್ತಿರದಿಂದ ಕೇಳಬೇಕು. ಸಂಡೂರು ತಾಲ್ಲೂಕಿನ ದರೋಜಿ ಎಂದರೆ ಕನ್ನಡಿಗರಿಗೆ ನೆನಪಾಗುವುದು ಬುರ್ರಕಥಾ ಈರಮ್ಮ. ಅಲೆಮಾರಿ ಬುಡ್ಗ ಜಂಗಮ ಸಮುದಾಯದ ಈ ಮಹಾನ್ ಕಲಾವಿದೆ ಓದು ಬರಹ ಬಲ್ಲವರಾಗಿರಲಿಲ್ಲ. ಹನ್ನೆರಡು ಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದವರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪರಂಪರೆಯ ಕಥನದಲ್ಲಿ ಮುಖ್ಯ ಕಥೆಗಾರ್ತಿ ತಂಬೂರಿ ಮೀಟುತ್ತ ಹಾಡುತ್ತಾರೆ. ಬೆರಳಿಗೆ ಹಾಕಿಕೊಂಡ ಟೊಳ್ಳು ಲೋಹದ ಉಂಗುರ ತಾಳಕ್ಕೆ ಸರಿಯಾಗಿ ಕಿಣಿಗುಡುತ್ತದೆ. ಪಕ್ಕದವರು ಚರ್ಮವಾದ್ಯ ನುಡಿಸುತ್ತ ಸಾಲಿನ ಕೊನೆಯನ್ನು ಎತ್ತಿಕೊಳ್ಳುತ್ತಾರೆ, ನಡುನಡುವೆ ಹೂಂಗುಟ್ಟುತ್ತಾರೆ, ಪ್ರಶ್ನೆ ಕೇಳಿ ಕಥೆಯನ್ನು ಮುಂದಕ್ಕೆ ತಳ್ಳುತ್ತಾರೆ. ಯುದ್ಧದ ಭಾಗದಲ್ಲಿ ಮೂವರ ದನಿಯೂ ವಾದ್ಯವೂ ಒಟ್ಟಿಗೆ ಏರುತ್ತವೆ. ಮಗ ಸತ್ತ ಸುದ್ದಿ ತಾಯಿಗೆ ತಲುಪುವ ಭಾಗದಲ್ಲಿ ಎಲ್ಲವೂ ನಿಂತು, ತಂಬೂರಿಯ ಶ್ರುತಿಯೊಂದರ ಮೇಲೆ ಒಂಟಿ ದನಿ ಪಿಸುಮಾತಿಗೆ ಇಳಿಯುತ್ತದೆ. ಕೇಳುಗರ ಕಣ್ಣು ತುಂಬುವುದು ಅಲ್ಲಿ.

ಇದನ್ನು ಫೋನಿಗೆ ಒಪ್ಪಿಸಿ ನೋಡಿ. ತಂಬೂರಿಯ ಶ್ರುತಿ ಏರಿಳಿತವಿಲ್ಲದ ಸದ್ದು. ಫೋನಿನ ಲೆಕ್ಕದಲ್ಲಿ ಅದು ಗದ್ದಲ. ಮೊದಲ ಕೆಲವು ಕ್ಷಣ ಕೇಳಿಸಿ ಆಮೇಲೆ ಅದು ಹಿಂದೆ ಸರಿಯುತ್ತದೆ. ಹಾಡು ನಿಂತಾಗ ಮತ್ತೆ ತೇಲುತ್ತದೆ, ಹಾಡು ಶುರುವಾದಾಗ ಮುಳುಗುತ್ತದೆ. ಉಂಗುರದ ಕಿಣಿಕಿಣಿ ತನ್ನ ಹೊಳಪು ಕಳೆದುಕೊಂಡು ಕಾಗದ ಹರಿದ ಸದ್ದಿನಂತೆ ಉಳಿಯುತ್ತದೆ. ಚರ್ಮವಾದ್ಯದ ಒಂದು ಗಟ್ಟಿ ಪೆಟ್ಟು ಬಿದ್ದೊಡನೆ ಇಡೀ ದನಿ ಕುಗ್ಗಿ, ಅರ್ಧ ಕ್ಷಣದ ಮೇಲೆ ಮತ್ತೆ ಹಿಗ್ಗುತ್ತದೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಆಗುವುದು ಆ ಪಿಸುಮಾತಿಗೆ. ಫೋನು ಅದನ್ನು ಎತ್ತಿ, ಯುದ್ಧದ ಆರ್ಭಟವನ್ನು ಇಳಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಪದಗಳೆಲ್ಲ ಕೇಳುತ್ತವೆ. ಕಲೆ ಕೇಳುವುದಿಲ್ಲ. ನಂಬಿಕೆ ಬಾರದಿದ್ದರೆ ಒಂದೇ ಕಥನದ ಮುಂದೆ ಫೋನು, ರೆಕಾರ್ಡರ್ ಎರಡನ್ನೂ ಪಕ್ಕಪಕ್ಕ ಇಟ್ಟು ಮುದ್ರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹೇಳಿಕೊಡುವವರು ಬೇಕಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಫೋನಿನ ಈ ತಿದ್ದುಪಡಿಗಳನ್ನು ತಪ್ಪಿಸುವ ಆ್ಯಪ್‌ಗಳಿವೆ. 2016ರ ಆಂಡ್ರಾಯ್ಡ್ 7ರಿಂದ ಈಚೆಗೆ, ತಯಾರಕರು ಅವಕಾಶ ಕೊಟ್ಟಿರುವ ಫೋನುಗಳಲ್ಲಿ ಸದ್ದನ್ನು ತಿದ್ದದೆ ಪಡೆಯುವ ದಾರಿಯೂ ಇದೆ. ಹೊರಗಿನ ಮೈಕು ಸಿಕ್ಕಿಸಬಹುದು. ನಿಜ. ಆದರೆ ತಮ್ಮ ಫೋನು ಆ ಪೈಕಿಯದೋ ಅಲ್ಲವೋ ಎಂದು ಪರೀಕ್ಷಿಸಿ ನೋಡುವವರು ತೀರ ಕಡಿಮೆ. ನೋಡಿದವರಿಗೂ ಕರೆ ಬರುತ್ತದೆ, ಮೆಸೇಜಿನ ಸದ್ದು ಬರುತ್ತದೆ, ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಫೋನು ಕಾದು ಕೂರುತ್ತದೆ, ಮನೆಯವರ ಫೋಟೊ ವಿಡಿಯೊ ತುಂಬಿ ಜಾಗ ಖಾಲಿಯಾಗುತ್ತದೆ. ಇಡೀ ರಾತ್ರಿಯ ಕಥನಕ್ಕೆ ಫೋನನ್ನು ಬಿಟ್ಟುಕೊಟ್ಟರೆ ಆ ರಾತ್ರಿ ನಿಮ್ಮ ಬಳಿ ಫೋನೇ ಇಲ್ಲ. ಹೀಗಾಗಿ ಹತ್ತು ನಿಮಿಷ ಮುದ್ರಿಸಿ, ‘ಇಷ್ಟು ಸಾಕು ಬಿಡವ್ವ’ ಎಂದು ಎದ್ದುಬರುವ ಅಭ್ಯಾಸ ಬೆಳೆದಿದೆ. ಹತ್ತು ನಿಮಿಷದ ತುಣುಕು ಕಾವ್ಯವಾಗುವುದಿಲ್ಲ.

ಹಾಡನ್ನು ಎಷ್ಟು ಹೊತ್ತು, ಹೇಗೆ ಕೇಳಿಸಿಕೊಂಡೆವು ಎಂಬುದರ ಮೇಲೆ ಆ ಹಾಡಿನ ಗಾತ್ರವೇ ಬದಲಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಪುರಾವೆ ಇದೆ. ತುಳುವಿನ ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರಿಂದ 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಪೂರ್ತಿ ಹಾಡಿಸಿ ದಾಖಲಿಸಿದರು. 1998ರಲ್ಲಿ ಪ್ರಕಟವಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಅದಕ್ಕೆ ಮುಂಚೆ ಅದೇ ಹಾಡುಗಾರರು ಹೇಳಿ ಬರೆಯಿಸಿದ ಪಾಠ ಇದಕ್ಕಿಂತ ಬಹಳ ಚಿಕ್ಕದಿತ್ತು. ಬರೆದುಕೊಳ್ಳುವವರ ಕೈ ಸೋಲುತ್ತದೆ ಎಂದು ಹಾಡುಗಾರರೇ ಕಥೆಯನ್ನು ಮೊಟಕು ಮಾಡುತ್ತಾರೆ. ತಡೆಯಿಲ್ಲದೆ ಕೇಳುವವರು ಸಿಕ್ಕರೆ ಕಾವ್ಯ ತನ್ನ ನಿಜ ಅಳತೆಗೆ ಬಿಚ್ಚಿಕೊಳ್ಳುತ್ತದೆ. 

ಕ್ಯಾಸೆಟ್ಟಿನ ಕಾಲದಲ್ಲಿ ಈ ತಡೆ ಯಂತ್ರದ್ದೇ ಆಗಿತ್ತು. ಅರವತ್ತು ನಿಮಿಷದ ಕ್ಯಾಸೆಟ್ಟಾದರೆ ಅರ್ಧ ಗಂಟೆಗೊಮ್ಮೆ ತಿರುವಿ ಹಾಕಬೇಕು. ಕಥೆಯಲ್ಲಿ ಕುಮಾರರಾಮ ರಣರಂಗಕ್ಕೆ ಇಳಿಯುವ ಹೊತ್ತಿಗೆ ‘ಒಂಚೂರು ತಾಳವ್ವ’ ಎನ್ನಬೇಕು. ಇವತ್ತಿನ ಸಣ್ಣ ರೆಕಾರ್ಡರ್‌ಗೆ ಆ ಕಟ್ಟು ಇಲ್ಲ. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಎರಡು ಮೈಕಿನ ಮುದ್ರಣ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ; 32 ಜಿಬಿಯ ಒಂದು ಕಾರ್ಡಿನಲ್ಲಿ 30 ಗಂಟೆಯ ಕಥನ ಕೂರುತ್ತದೆ. ಕಂಪಿಲರಾಯನ ಮಗ ಕುಮಾರರಾಮನ ಕಥೆ ಹುಟ್ಟಿದ ನೆಲ ಇದು, ಕಂಪ್ಲಿಗೂ ಅವನ ಕೋಟೆ ಕುಮ್ಮಟದುರ್ಗಕ್ಕೂ ನಡುವೆ ಹರಿಯುವುದು ತುಂಗಭದ್ರೆ. ಒಬ್ಬ ಕಥೆಗಾರ್ತಿ ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಅವರವರ ಕಥನ ಅವರವರ ದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಸಿಗಬೇಕು. ಅದಕ್ಕೆಂದೇ ಮೀಸಲಾದ, ಬೇರೆ ಯಾವ ಕೆಲಸವೂ ಇಲ್ಲದ ಯಂತ್ರ ಬೇಕು ಎನ್ನುವುದು ಈ ಕಾರಣಕ್ಕೆ.

ಸರಿ, ರೆಕಾರ್ಡರ್ ಬೇಕು ಎಂದಾಯಿತು. ಈಗ ಎರಡನೆಯ ಸಲಹೆ ಅಡ್ಡ ಬರುತ್ತದೆ: ದೊಡ್ಡದನ್ನೇ ಕೊಳ್ಳಿ. ದೊಡ್ಡದು ಎಂದರೆ ಅಂಕಿ ದೊಡ್ಡದು, ತೂತುಗಳು ಹೆಚ್ಚು, ಬೆಲೆ ಹೆಚ್ಚು. ಒಂದೊಂದನ್ನೇ ನೋಡೋಣ.

ಮೊದಲನೆಯದು ಕಿಲೊಹರ್ಟ್ಸ್ ಲೆಕ್ಕ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೊಹರ್ಟ್ಸ್‌ವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತದೆ. 48 ಕಿಲೊಹರ್ಟ್ಸ್‌ನಲ್ಲಿ ಮುದ್ರಿಸಿದರೆ 24 ಕಿಲೊಹರ್ಟ್ಸ್‌ವರೆಗಿನ ಸದ್ದು ದಕ್ಕುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘಟನೆಯಾದ ಐಎಎಸ್‌ಎ, ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ತರುವಾಗ ಇರಲೇಬೇಕಾದ ಕನಿಷ್ಠ ಮಟ್ಟವೆಂದು ಹೇಳುವುದೂ 48 ಕಿಲೊಹರ್ಟ್ಸ್, 24 ಬಿಟ್ಟನ್ನೇ. 192 ಕಿಲೊಹರ್ಟ್ಸ್‌ಗೆ ಹೋದರೆ ಗಂಟೆಗೆ 4 ಜಿಬಿ ದಾಟುತ್ತದೆ. ಎಂಟು ಗಂಟೆಯ ಒಂದು ಬಯಲಾಟಕ್ಕೆ 33 ಜಿಬಿ. ಅದನ್ನು ಎರಡು ಮೂರು ಕಡೆ ನಕಲು ಮಾಡಿ ಇಡಬೇಕಾದವರು ಬೇಸತ್ತು ನಕಲು ಮಾಡುವುದನ್ನೇ ಬಿಡುತ್ತಾರೆ. ಕೇಳಿಸದ ಸದ್ದಿಗಾಗಿ ಕೇಳಿಸುವ ಸದ್ದನ್ನು ಅಪಾಯಕ್ಕೆ ಒಡ್ಡಿದಂತೆ.

ಎರಡನೆಯದು ಈಗ ಎಲ್ಲರ ಬಾಯಲ್ಲಿರುವ 32 ಬಿಟ್ ಫ್ಲೋಟ್. ಇದಿದ್ದರೆ ದನಿಯ ಮಟ್ಟ ಹೊಂದಿಸುವ ಗೋಜೇ ಇಲ್ಲ, ಎಷ್ಟು ಜೋರಾದರೂ ಒಡೆಯುವುದಿಲ್ಲ, ಎಷ್ಟು ಮೆಲ್ಲಗಾದರೂ ಆಮೇಲೆ ಎತ್ತಿಕೊಳ್ಳಬಹುದು ಎನ್ನುತ್ತಾರೆ. ಮಟ್ಟದ ವಿಷಯ ನಿಜ. ಒಬ್ಬರೇ ಹೋಗಿ ಕೂತು ಮುದ್ರಿಸುವವರಿಗೆ ಮುಳ್ಳು ನೋಡುವ ಬದಲು ಹಾಡುವವರ ಮುಖ ನೋಡಲು ಸಾಧ್ಯವಾಗುತ್ತದೆ. ಆ ಲಾಭ ಸಣ್ಣದಲ್ಲ. ಆದರೆ ಇದು ಯಂತ್ರದೊಳಗಿನ ಲೆಕ್ಕವನ್ನು ಮಾತ್ರ ಕಾಯುತ್ತದೆ. ಯಂತ್ರದ ಹೊರಗೆ ಆದದ್ದನ್ನು ಸರಿಪಡಿಸುವುದಿಲ್ಲ. ಚೌಡಿಕೆ ವಾದ್ಯಕ್ಕೆ ತೀರ ಹತ್ತಿರ ಇಟ್ಟು ಮೈಕಿನ ಪೊರೆಯೇ ತನ್ನ ಮಿತಿ ಮೀರಿ ಒದ್ದಾಡಿದರೆ 32 ಬಿಟ್ಟೂ ಆ ಒಡಕನ್ನೇ ನಿಷ್ಠೆಯಿಂದ ಬರೆದಿಡುತ್ತದೆ. ಗಾಳಿ ಮೈಕಿಗೆ ಬಡಿದರೆ ಆ ಬಡಿತವನ್ನೂ ಬರೆದಿಡುತ್ತದೆ. ಹನ್ನೆರಡು ಅಡಿ ದೂರ ಕೂತರೆ ಆ ದೂರವನ್ನೂ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ದನಿ 6 ಡೆಸಿಬಲ್ ಇಳಿಯುತ್ತದೆ. ಮೂರು ಅಡಿಯಿಂದ ಹನ್ನೆರಡು ಅಡಿಗೆ ಸರಿದರೆ 12 ಡೆಸಿಬಲ್ ನಷ್ಟ. ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಯಾವ ಬೆಲೆಯ ಯಂತ್ರವೂ ಇದನ್ನು ಹಿಂದಕ್ಕೆ ತಂದುಕೊಡಲಾರದು. ಎರಡು ಹೆಜ್ಜೆ ಮುಂದೆ ಹೋಗಿ ಕೂತರೆ ಪುಕ್ಕಟೆಯಾಗಿ ಸಿಗುತ್ತದೆ.

ಮೂರನೆಯದು ಹೆಚ್ಚು ಮೈಕು ಸಿಕ್ಕಿಸುವ ಸೌಲಭ್ಯ. ನಾಲ್ಕು ಮೈಕು, ನಾಲ್ಕು ಸ್ಟ್ಯಾಂಡು, ನಾಲ್ಕು ವೈರು. ಸ್ಟುಡಿಯೊಗೆ, ರಂಗಮಂದಿರಕ್ಕೆ ಇದು ಬೇಕು. ಚೌಡಿಕೆ ಪದ ಹಾಡುವ ಜೋಗತಿಯರ ಮನೆಯಂಗಳದಲ್ಲಿ ಇದನ್ನೆಲ್ಲ ಹರವಿದರೆ ಏನಾಗುತ್ತದೆ? ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಜೋಗತಿ ಮಂಜಮ್ಮನವರು 2021ರಲ್ಲಿ ಪದ್ಮಶ್ರೀ ಪಡೆದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿ ಈ ಕಲೆಗೆ ನಾಡಿನ ಕಣ್ಣು ತೆರೆಸಿದರು. ಆದರೆ ಜೋಗತಿ ಹಾಡಿನ ಜೀವ ಇರುವುದು ವೇದಿಕೆಯಲ್ಲಿ ಮಾತ್ರ ಅಲ್ಲ. ಕೊಡ ಹೊತ್ತು ಮನೆಮನೆಗೆ ಹೋಗುವಾಗ, ಅಂಗಳದಲ್ಲಿ ಕೂತಾಗ, ಒಬ್ಬರು ಚೌಡಿಕೆ ನುಡಿಸಿ ಇನ್ನೊಬ್ಬರು ತಾಳ ಹಿಡಿದಾಗ ಅದು ಅರಳುತ್ತದೆ. ಅವರು ಏಳುತ್ತಾರೆ, ಕುಣಿಯುತ್ತಾರೆ, ದಿಕ್ಕು ತಿರುಗುತ್ತಾರೆ. ವೈರು ಹಾಸಿದರೆ ಕುಣಿತ ನಿಲ್ಲುತ್ತದೆ. ಎದುರು ಮೈಕು ನಿಂತರೆ ಹಾಡು ಸಭೆಯ ಹಾಡಾಗುತ್ತದೆ. ನಾವು ಕೇಳಲು ಹೋದದ್ದು ಅಂಗಳದ ಹಾಡನ್ನು.

ದೊಡ್ಡ ರೆಕಾರ್ಡರ್ ಪರವಾಗಿ ಒಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಣ್ಣವುಗಳಲ್ಲಿ ಮೆಲುದನಿಯನ್ನು ತುಂಬ ಹಿಗ್ಗಿಸಿದರೆ ಹಿಂದೆ ಸುಯ್ ಎನ್ನುವ ಸದ್ದು ಏಳುತ್ತದೆ. ದರೋಜಿ ಕರಡಿಧಾಮದ ನಸುಕಿನ ಮೌನವನ್ನೋ ದೂರದ ಹಕ್ಕಿಯ ಕೂಗನ್ನೋ ಹಿಡಿಯಬೇಕೆಂದರೆ ಜೂಮ್ ಎಫ್3 ತರಹದ, ಒಳಗೆ ಮೈಕೇ ಇಲ್ಲದ, ಹೊರಗಿನ ಒಳ್ಳೆ ಮೈಕು ಬೇಡುವ ಯಂತ್ರಕ್ಕೆ ಹಣ ಹಾಕುವುದು ಸರಿಯೇ. ಆದರೆ ಬುರ್ರಕಥೆಯಾಗಲಿ ಚೌಡಿಕೆ ಪದವಾಗಲಿ ಮೆಲ್ಲಗಿನ ಕಲೆಗಳಲ್ಲ, ಬಯಲಿನ ಕಲೆಗಳು. ಮೂರಡಿ ಹತ್ತಿರದಿಂದ ಬರುವ ಆ ದನಿಯ ಕೆಳಗೆ ಸಣ್ಣ ಯಂತ್ರದ ಸುಯ್‌ಗುಟ್ಟುವಿಕೆ ಮುಚ್ಚಿಹೋಗುತ್ತದೆ. ನಮಗೆ ಬೇಡದ ಗುಣಕ್ಕೆ ನಾವು ಯಾಕೆ ಮೂರು ಪಟ್ಟು ಬೆಲೆ ಕೊಡಬೇಕು?

ಹಾಗಾದರೆ ನಮಗೆ ಬೇಕಾದ ಗುಣ ಯಾವುದು? ಅದನ್ನು ಈ ಸೀಮೆಯೇ ಹೇಳುತ್ತದೆ.

ಗಾಳಿ ಮೊದಲ ಶತ್ರು. ಕಂಪ್ಲಿಯ ಹೊಳೆದಂಡೆ, ಭತ್ತದ ಗದ್ದೆ, ತುಂಗಭದ್ರಾ ಕಾಲುವೆಯ ಏರಿ, ಎಲ್ಲ ಕಡೆ ಬಯಲು ಗಾಳಿ. ರೆಕಾರ್ಡರ್ ಜೊತೆ ಸಿಗುವ ಸ್ಪಂಜಿನ ಟೊಪ್ಪಿಗೆ ಮನೆಯೊಳಗಿನ ಫ್ಯಾನಿಗೆ ಸಾಕಾಗಬಹುದು, ಬಯಲಿಗೆ ಸಾಲದು. ಉದ್ದ ಕೂದಲಿನ ತುಪ್ಪಳದ ಟೊಪ್ಪಿಗೆ ಬೇಕು. ಅಂಗಡಿಯಲ್ಲಿ ಯಾರೂ ತೋರಿಸದ, ಕೆಲವೇ ನೂರು ರೂಪಾಯಿಯ ಈ ವಸ್ತು ಒಂದು ಮುದ್ರಣವನ್ನು ಉಳಿಸುವಷ್ಟು 32 ಬಿಟ್ ಉಳಿಸುವುದಿಲ್ಲ.

ಎರಡನೆಯದು ಧೂಳು. ಸಂಡೂರಿನ ಅದಿರಿನ ಕೆಂಪು ಧೂಳು ಸಣ್ಣ ಸಂದಿಗೂ ನುಗ್ಗುತ್ತದೆ. ಲೋಹದ ಬೀಗ, ಕಾರ್ಡಿನ ಬಾಗಿಲು, ಹತ್ತಾರು ಗುಂಡಿ, ತಿರುಗುವ ಮೈಕು, ಬಿಚ್ಚಿ ಜೋಡಿಸುವ ತಲೆ ಇದ್ದಷ್ಟೂ ಕೆಡುವ ಜಾಗ ಹೆಚ್ಚು. ಬಿಡಿಭಾಗ ಕಡಿಮೆ ಇರುವುದು, ಮುಚ್ಚಿದ ಡಬ್ಬಿಯಲ್ಲಿ ಹಿಡಿಯುವುದು, ಕೆಟ್ಟರೆ ಕೈಸುಟ್ಟುಕೊಳ್ಳದೆ ಮತ್ತೊಂದು ಕೊಳ್ಳಬಹುದಾದದ್ದು ಇಲ್ಲಿ ಬಾಳುತ್ತದೆ.

ಮೂರನೆಯದು ಸೆಲ್. ಒಳಗೇ ಬ್ಯಾಟರಿ ಕೂಡಿಸಿದ, ಚಾರ್ಜ್ ಮಾಡಿ ಬಳಸುವ ರೆಕಾರ್ಡರ್‌ಗಳು ನೋಡಲು ಚೆಂದ. ಕರೆಂಟು ಹೋದ ತಾಂಡಾದಲ್ಲಿ ನಡುರಾತ್ರಿ ಅದು ಮುಗಿದರೆ ಮಾಡುವುದೇನೂ ಇಲ್ಲ. ಕೆಲವು ವರ್ಷಕ್ಕೆ ಆ ಬ್ಯಾಟರಿ ಸೋತರೆ ಯಂತ್ರವೇ ಮೂಲೆಗೆ. ಪೆನ್ಸಿಲ್ ಸೆಲ್ ಹಾಕುವಂಥದ್ದಾದರೆ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಮರುಜೀವ ಸಿಗುತ್ತದೆ.

ನಾಲ್ಕನೆಯದು ನಡಿಗೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ನಮಗೆಲ್ಲ ಹೆಮ್ಮೆ. ಆ ಕಸೂತಿ ಹಾಕುವ ಕೈಗಳ ಹಾಡಿಗೆ ಅಂಥ ಕಾವಲಿಲ್ಲ. ದೀಪಾವಳಿ ಅಮಾವಾಸ್ಯೆಯ ರಾತ್ರಿ ತಾಂಡಾದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಯಿಂದ ಮನೆಗೆ ಹೋಗಿ ಹರಸುತ್ತ ‘ಮೇರಾ’ ಹಾಡುತ್ತಾರೆ. ಕತ್ತಲು, ನಡಿಗೆ, ಗುಂಪುದನಿ, ಬಾಗಿಲಲ್ಲಿ ನಿಂತ ಹಿರಿಯರ ಮಾರುತ್ತರ. ಅವರ ಜೊತೆ ನಡೆಯಬೇಕು. ಸ್ಟ್ಯಾಂಡ್ ಊರಿ ಕೂರಲಾಗದು. ಕತ್ತಲಲ್ಲಿ ಬೆರಳಿಗೆ ಸಿಗುವ ಒಂದೇ ಕೆಂಪು ಗುಂಡಿ, ಮುದ್ರಣವಾಗುತ್ತಿದೆ ಎಂದು ದೂರದಿಂದಲೇ ಹೇಳುವ ದೀಪ, ಒಂದು ಕೈಯಲ್ಲಿ ಹಿಡಿಯುವ ಹಗುರ ಬೇಕು. ಮುಟ್ಟುಪರದೆಯಲ್ಲಿ ಮೂರು ಪಟ್ಟಿ ದಾಟಿ ಹೋಗುವ ಯಂತ್ರ ಅಲ್ಲಿ ಕೈಕೊಡುತ್ತದೆ.

ಐದನೆಯದು ಮೈಕಿನ ಸ್ವಭಾವ. ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಕೇಳುವ ಮೈಕು ಒಂದು ಬಗೆ, ಎದುರಿನದನ್ನು ಹೆಚ್ಚು ಕೇಳುವುದು ಇನ್ನೊಂದು. ಎದುರಿನದನ್ನು ಕೇಳುವುದೇ ಮೇಲು ಎಂಬ ನಂಬಿಕೆ ಇದೆ. ಬಯಲಿನ ಕೆಲಸದಲ್ಲಿ ಇದು ತಿರುವು ಮುರುವು. ಎಲ್ಲ ದಿಕ್ಕಿನ ಮೈಕು ಗಾಳಿಗೆ ಕಡಿಮೆ ಅಳುಕುತ್ತದೆ, ಕೈಯ ಕದಲಿಕೆಯನ್ನು ಕಡಿಮೆ ಹಿಡಿಯುತ್ತದೆ, ಹಾಡುವವರು ಪಕ್ಕಕ್ಕೆ ಸರಿದರೂ ದನಿ ಸಪ್ಪೆಯಾಗುವುದಿಲ್ಲ. ಹಿಮ್ಮೇಳದವರೂ ಸಮನಾಗಿ ಸಿಗುತ್ತಾರೆ. ಹೊಸಪೇಟೆಯ ಲಾರಿ ಓಡುವ ರಸ್ತೆಬದಿಯ ಮನೆಯಲ್ಲಿ, ಹಂಪಿಯ ಕಲ್ಲು ಮಂಟಪದ ಮರುದನಿಯಲ್ಲಿ ಮಾತ್ರ ಎದುರಿನ ಮೈಕು ಅನುಕೂಲ. ಅಲ್ಲೂ ಮೊದಲ ಮದ್ದು ಹತ್ತಿರ ಸರಿಯುವುದೇ.

ಇಷ್ಟನ್ನು ಮುಂದಿಟ್ಟುಕೊಂಡು ಅಂಗಡಿಗೆ ಹೋದರೆ ಆಯ್ಕೆ ಕಷ್ಟವಲ್ಲ. ಟ್ಯಾಸ್ಕ್ಯಾಮ್ ಡಿಆರ್-05ಎಕ್ಸ್‌ನಲ್ಲಿ ಎಲ್ಲ ದಿಕ್ಕಿನ ಎರಡು ಮೈಕುಗಳಿವೆ, ಎರಡು ಪೆನ್ಸಿಲ್ ಸೆಲ್ ಸಾಕು. ಬಯಲಿನ ಕೆಲಸಕ್ಕೆ ನನ್ನ ಮೊದಲ ಮತ ಈ ಬಗೆಯ ಯಂತ್ರಕ್ಕೆ. ಜೂಮ್ ಎಚ್1ಎನ್‌ನಲ್ಲಿ ಎದುರಿನದನ್ನು ಹೆಚ್ಚು ಕೇಳುವ ಜೋಡಿ ಮೈಕು, ಮಟ್ಟ ತಿರುವುವ ದೊಡ್ಡ ಗುಂಡಿ, ಎರಡು ಸಣ್ಣ ಪೆನ್ಸಿಲ್ ಸೆಲ್. ಮನೆಯೊಳಗೆ ಕೂತು ಹಿರಿಯರ ಮಾತು ಕೇಳುವವರಿಗೆ ಒಪ್ಪುತ್ತದೆ. 2024ರಲ್ಲಿ ಬಂದ ಎಚ್1 ಎಸೆನ್ಷಿಯಲ್‌ನಲ್ಲಿ 32 ಬಿಟ್ ಫ್ಲೋಟ್ ಇದೆ, ಮಟ್ಟ ಹೊಂದಿಸುವ ಕೆಲಸವಿಲ್ಲ. ಕಣ್ಣು ಕಾಣದವರು ಬಳಸಲೆಂದು ಪಟ್ಟಿಗಳನ್ನು ದನಿಯಲ್ಲಿ ಓದಿ ಹೇಳುವ ಏರ್ಪಾಡೂ ಇದೆ. ಕೇವಲ ಆ ಕಾರಣಕ್ಕೇ ಅದನ್ನು ಆರಿಸುವವರಿದ್ದರೆ ಅದು ಸರಿಯಾದ ಆಯ್ಕೆ. ಯಾವುದನ್ನು ಕೊಂಡರೂ ತಾನಾಗಿ ಮಟ್ಟ ಏರಿಳಿಸುವ ಸೌಲಭ್ಯ ಇದ್ದರೆ ಅದನ್ನು ಆಫ್ ಮಾಡಿಬಿಡಿ, ಎಂಪಿ3 ಬಿಟ್ಟು ವೇವ್ ಕಡತದಲ್ಲೇ ಮುದ್ರಿಸಿ, ಹೆಡ್‌ಫೋನ್ ಹಾಕಿ ಕೇಳದೆ ಮುದ್ರಣ ಶುರುಮಾಡಬೇಡಿ. ದೊಡ್ಡ ಯಂತ್ರಕ್ಕೆ ಹೋಗಬೇಕಿದ್ದ ಉಳಿಕೆ ಹಣದಲ್ಲಿ ತುಪ್ಪಳದ ಟೊಪ್ಪಿಗೆ, ಗಿಡ್ಡ ಸ್ಟ್ಯಾಂಡು, ಕಿವಿ ಮುಚ್ಚುವ ಹೆಡ್‌ಫೋನ್, ಎರಡು ಹೆಚ್ಚುವರಿ ಕಾರ್ಡು, ಎರಡು ಹಾರ್ಡ್ ಡಿಸ್ಕ್ ತನ್ನಿ. ಬಯಲಿನಿಂದ ಬರುವ ದನಿಯ ಗುಣ ನಿರ್ಧಾರವಾಗುವುದು ಈ ಸಾಮಾನುಗಳಲ್ಲಿ.

ಕಾಲೇಜುಗಳಿಗೂ ಸಂಸ್ಥೆಗಳಿಗೂ ಇದೇ ಮಾತು ಇನ್ನೂ ಜೋರಾಗಿ ಹೇಳಬೇಕು. ಅನುದಾನ ಬಂದಾಗ ಒಂದು ಭಾರಿ ಯಂತ್ರ ಕೊಂಡು ಬೀರುವಿನಲ್ಲಿ ಇಟ್ಟರೆ, ಅದು ಕೆಟ್ಟರೆ ಯಾರು ಹೊಣೆ ಎಂಬ ಹೆದರಿಕೆಯಲ್ಲಿ ಯಾವ ವಿದ್ಯಾರ್ಥಿಯ ಕೈಗೂ ಸಿಗುವುದಿಲ್ಲ. ಅದೇ ದುಡ್ಡಿಗೆ ಐದು ಸಣ್ಣವು ಬರುತ್ತವೆ. ಐದು ಹುಡುಗಿಯರು ಐದು ಊರಿಗೆ ಹೋಗುತ್ತಾರೆ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಆ ಅಂಗಳಗಳನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದವರು. ಅವರ ಮಾತು ಹಿಡಿಯಲು ಬೇಕಾಗಿರುವುದು ಯಂತ್ರದ ಘನತೆಯಲ್ಲ, ಬಾಗಿಲಿಗೆ ಹೋಗುವ ಕಾಲುಗಳ ಸಂಖ್ಯೆ.

ಕನ್ನಡ ವಿಶ್ವವಿದ್ಯಾಲಯ 1991ರಿಂದ ಈಚೆಗೆ ನಾಡಿನ ಜನಪದ ಕಾವ್ಯಗಳನ್ನು ಪುಸ್ತಕವಾಗಿ ತಂದದ್ದು ಕನ್ನಡದ ದೊಡ್ಡ ಕೆಲಸ. ಪುಸ್ತಕದಲ್ಲಿ ಸಾಲು ಉಳಿಯುತ್ತದೆ. ಉಸಿರು, ತಂಬೂರಿ, ಹಿಮ್ಮೇಳದ ಹೂಂಗುಟ್ಟುವಿಕೆ ಉಳಿಯಬೇಕಾದರೆ ಧ್ವನಿ ಬೇಕು. ಧ್ವನಿ ಉಳಿಯಬೇಕಾದರೆ ಮುದ್ರಣದ ಮೊದಲ ನಿಮಿಷದಲ್ಲೇ ಊರು, ತಾರೀಖು, ಹಾಡುವವರ ಹೆಸರು ದನಿಯಲ್ಲಿ ಹೇಳಿರಬೇಕು. ಹೆಸರಿಲ್ಲದ ಕಡತ ಇಪ್ಪತ್ತು ವರ್ಷದ ಮೇಲೆ ಯಾರದೂ ಅಲ್ಲದ ಸದ್ದು. ಹಾಡುವವರ ಒಪ್ಪಿಗೆಯನ್ನೂ ಅಲ್ಲೇ ಕೇಳಿ ಮುದ್ರಿಸಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರದರ್ಶಕರಿಗೆ 50 ವರ್ಷದ ಹಕ್ಕು ಕೊಟ್ಟಿದೆ. ಓದು ಬಾರದ ಕಥೆಗಾರ್ತಿಗೂ ಆ ಹಕ್ಕು ಇದೆ, ಅದನ್ನು ಅವರಿಗೆ ತಿಳಿಸುವುದು ಮುದ್ರಿಸುವವರ ಕರ್ತವ್ಯ. ಮನೆಗೆ ಬಂದ ರಾತ್ರಿಯೇ ಕಾರ್ಡಿನಿಂದ ಎರಡು ಡಿಸ್ಕಿಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ವಾಟ್ಸಾಪ್‌ನ ದನಿಸಂದೇಶವಾಗಿ ಕಳಿಸಿದ್ದು ಕುಗ್ಗಿಹೋಗುತ್ತದೆ, ಅದನ್ನೇ ಮೂಲಪ್ರತಿ ಎಂದು ನಂಬಬೇಡಿ.

ಕೊಳ್ಳುವವರಿಗೆ ನನ್ನ ಕೋರಿಕೆ ಇಷ್ಟೇ. ಅಂಕಿಪಟ್ಟಿ ಹೋಲಿಸುತ್ತ ತಿಂಗಳು ಕಳೆಯಬೇಡಿ, ಫೋನಿದೆಯಲ್ಲ ಎಂದು ಸುಮ್ಮನೆಯೂ ಕೂರಬೇಡಿ. ಈ ವಾರ ಒಂದು ಸಣ್ಣ ರೆಕಾರ್ಡರ್ ತನ್ನಿ, ಮುಂದಿನ ವಾರ ನಿಮ್ಮ ಊರಿನ ಅತಿ ಹಿರಿಯ ಹಾಡುಗಾರ್ತಿಯ ಎದುರು ಮೂರಡಿ ದೂರದಲ್ಲಿ ಕೂತು, ಅವರು ಸಾಕು ಎನ್ನುವವರೆಗೆ ಕೇಳಿ. ಮುದ್ರಣದ ಒಂದು ಪ್ರತಿಯನ್ನು ಅವರ ಮನೆಯವರ ಕೈಗೆ ಕೊಟ್ಟು ಬನ್ನಿ. ಅದು ಅವರದ್ದು.